ಬಿರಿಯಾನಿ ಮನೆಯ ಮುದ್ದೆ

ಹುಣಸೂರಿನ ಮುಸ್ಲಿಂ ಮನೆಗಳಲ್ಲಿ ಮದುವೆ ನಿಶ್ಚಯವಾದರೆ ಶಾದಿ ಮಹಲಿನ ತಾರೀಕು ಕೇಳುವ ಮೊದಲೇ ಫಕ್ರುದ್ದೀನರ ತಾರೀಕು ಕೇಳುತ್ತಿದ್ದರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಎಂಟು ನೂರು ಜನಕ್ಕೆ ಬಿರಿಯಾನಿ ಮಾಡಿದರೂ ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ಉಪ್ಪಿನಲ್ಲಿ ವ್ಯತ್ಯಾಸವಿರುವುದಿಲ್ಲ ಎಂದು ಹೆಸರಾಗಿತ್ತು. ಐವತ್ತೆಂಟು ವರ್ಷ. ಎತ್ತರದ ಆಳು, ಅಗಲವಾದ ಎದೆ, ಅದಕ್ಕಿಂತ ಅಗಲವಾದ ಹೊಟ್ಟೆ. “ಅಡುಗೆಯವನ ಹೊಟ್ಟೆಯೇ ಅವನ ಬೋರ್ಡು,” ಎಂದು ಅದನ್ನು ತಟ್ಟಿ ತೋರಿಸುತ್ತಿದ್ದರು.

ಮದುವೆ ಮುಗಿದ ಮೇಲೆ ಅಡುಗೆಯವರ ಪಾಲೆಂದು ಒಂದು ಸಣ್ಣ ಡಬರಿ ಬಿರಿಯಾನಿ ಮನೆಗೆ ಬರುವುದು ವಾಡಿಕೆ. ಭಾನುವಾರ ಬಂದದ್ದು ಮಂಗಳವಾರದವರೆಗೆ, ಗುರುವಾರ ಬಂದದ್ದು ಶನಿವಾರದವರೆಗೆ. ಮದುವೆಯ ತಿಂಗಳುಗಳಲ್ಲಿ ಆ ಮನೆಯ ಫ್ರಿಜ್ಜಿನಲ್ಲಿ ಹಾಲಿಡಲೂ ಜಾಗವಿರುತ್ತಿರಲಿಲ್ಲ. ಬೆಳಗಿನ ತಿಂಡಿಗೆ ಬಿರಿಯಾನಿ, ಮಧ್ಯಾಹ್ನಕ್ಕೆ ಬಿರಿಯಾನಿ, ಸಂಜೆ ಚಹಾದ ಜೊತೆ ಮಿಕ್ಕ ಸಿಹಿಯನ್ನ, ಜರ್ದಾ. ಹೆಂಡತಿ ಫಹ್ಮೀದಾ ಅದನ್ನು ಬಿಸಿ ಮಾಡಿ ಮಾಡಿ ಬಡಿಸುತ್ತಿದ್ದರು. ತಂದೆಯ ಜೊತೆ ಕೆಲಸಕ್ಕೆ ಹೋಗುವ ಮಗ ಮುಜಫರ್‌ಗೆ ಇಪ್ಪತ್ತೊಂಬತ್ತು. ಅವನ ಅಂಗಿಯ ಗುಂಡಿಗಳೂ ಹೊಟ್ಟೆಯ ಹತ್ತಿರ ಎಳೆದುಕೊಂಡು ನಿಲ್ಲಲು ಶುರುಮಾಡಿದ್ದವು.

ಆ ಮನೆಗೆ ಶಹನಾಜ್ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಕಟ್ಟೆಮಳಲವಾಡಿಯ ಆರೋಗ್ಯ ಕೇಂದ್ರದಲ್ಲಿ ಅವಳು ನರ್ಸು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಮೂವತ್ತು ದಾಟಿದವರನ್ನೆಲ್ಲ ಕೂರಿಸಿ ಬಿ.ಪಿ., ಶುಗರ್ ನೋಡಿ, ಸಂಜೆ ಐದೂವರೆಗೆ ಮನೆಗೆ ಬರುತ್ತಿದ್ದಳು. ಸೆಪ್ಟೆಂಬರಿನ ಒಂದು ಸೋಮವಾರ, ರಜೆಯ ದಿನ, ಬೆಳಿಗ್ಗೆ ಯಾರೂ ಏನೂ ತಿನ್ನುವ ಮೊದಲೇ ಶುಗರ್ ನೋಡುವ ಪುಟ್ಟ ಮಿಷನ್ ತಂದು ಊಟದ ಚಾಪೆಯ ಮೇಲಿಟ್ಟಳು.

“ಊರಿಗೆಲ್ಲ ನೋಡ್ತೀನಿ, ನಮ್ಮ ಮನೆಯವರಿಗೆ ನೋಡಿಲ್ಲ. ಅಮ್ಮಿ, ಕೈ ಕೊಡಿ.”

ಫಹ್ಮೀದಾ ಕಣ್ಣು ಮುಚ್ಚಿಕೊಂಡು ಬೆರಳು ಕೊಟ್ಟರು. ತೊಂಬತ್ತಾರು ಬಂತು.

“ನೀವು ಗಟ್ಟಿ ಇದ್ದೀರಿ,” ಎಂದಳು ಶಹನಾಜ್.

ಮುಜಫರ್‌ಗೆ ನೂರ ಹತ್ತೊಂಬತ್ತು. ಅವಳ ಮುಖದ ನಗು ನಿಂತಿತು.

“ಏನಾಯ್ತು?” ಎಂದ ಮುಜಫರ್.

“ಇನ್ನೂ ಶುಗರ್ ಅಲ್ಲ. ಆದ್ರೆ ಹೊಸ್ತಿಲ ಹತ್ತಿರ ಬಂದು ನಿಂತಿದೆ. ಒಳಗೆ ಕರೀಬೇಕೋ ವಾಪಸ್ ಕಳಿಸ್ಬೇಕೋ, ಅದು ನಿಮ್ಮ ಕೈಲಿದೆ.” ಆಮೇಲೆ ಮಾವನ ಕಡೆ ತಿರುಗಿದಳು. “ಅಬ್ಬಾ, ನೀವು?”

ಫಕ್ರುದ್ದೀನರು ಎದ್ದೇಬಿಟ್ಟರು. “ನನಗೇನಾಗಿದೆ? ಅರವತ್ತು ಕಿಲೋ ಅಕ್ಕಿಯ ಡಬರಿಗೆ ಈಗಲೂ ಒಬ್ಬನೇ ಸೌಟು ಹಾಕ್ತೀನಿ. ನಿನ್ನ ಮಿಷನ್‌ಗೆ ಬ್ಯಾಟರಿ ಹಾಕಿಸ್ಕೊ, ನನಗೆ ಚಹಾ ಹಾಕು. ಸಕ್ಕರೆ ಮುಂದಾಗಿರಲಿ.”

“ನಿಮ್ಮ ತಂದೆಯವರಿಗೆ ಇತ್ತಂತಲ್ಲ ಅಬ್ಬಾ, ಅದಕ್ಕೇ ಕೇಳ್ದೆ.”

ಫಕ್ರುದ್ದೀನರ ತಂದೆಗೆ ಸಕ್ಕರೆ ಕಾಯಿಲೆಯಿಂದ ಮೈಸೂರಿನಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಫಕ್ರುದ್ದೀನರು ಟೋಪಿ ತೆಗೆದುಕೊಂಡು ಹೊರಗೆ ನಡೆದರು.

ಫಹ್ಮೀದಾ ಸೊಸೆಯ ಮೇಲೆ ಸಿಡುಕಿದರು. “ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತು ಇದು? ನಿನ್ನ ಮಿಷನ್ ಬರೋ ತನಕ ಈ ಮನೇಲಿ ಯಾರಿಗೂ ರೋಗ ಇರ್ಲಿಲ್ಲ.”

“ಇತ್ತು ಅಮ್ಮಿ. ನೋಡಿರ್ಲಿಲ್ಲ ಅಷ್ಟೆ,” ಎಂದಳು ಶಹನಾಜ್. ಅವಳು ಧ್ವನಿ ಏರಿಸಲಿಲ್ಲ, ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ವಾರ ಹಾಗೆಯೇ ಕಳೆಯಿತು. ಅಕ್ಟೋಬರಿನ ಮೊದಲ ಭಾನುವಾರ ಪಿರಿಯಾಪಟ್ಟಣದಲ್ಲಿ ಒಂದು ಮದುವೆ. ಬಿರಿಯಾನಿಗೆ ದಮ್ ಕೊಡಲು ಡಬರಿಯ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದರು. ಫಕ್ರುದ್ದೀನರು ಎಂದಿನಂತೆ ಬರಿಗಾಲಲ್ಲಿ ನಿಂತಿದ್ದರು. ನೆಲದ ಕಾವು ಕಾಲಿಗೆ ತಿಳಿಯಬೇಕು ಎಂಬುದು ಅವರ ಲೆಕ್ಕ. ಮುಜಫರ್ ಪಕ್ಕದ ಒಲೆಯ ಬಳಿ ಈರುಳ್ಳಿ ಹುರಿಯುತ್ತಿದ್ದ. ಏನೋ ಸುಟ್ಟ ವಾಸನೆ ಬಂತು. ಈರುಳ್ಳಿಯದ್ದಲ್ಲ. ತಿರುಗಿ ನೋಡಿದವನು ಕೂಗಿಕೊಂಡ.

“ಅಬ್ಬಾ! ಕಾಲು!”

ಎಡಗಾಲಿನ ಮೇಲೆ, ಬೆರಳುಗಳ ಬುಡದಲ್ಲಿ, ಅಡಿಕೆ ಗಾತ್ರದ ಕೆಂಡವೊಂದು ಕೂತಿತ್ತು. ಫಕ್ರುದ್ದೀನರು ಬಗ್ಗಿ ನೋಡಿದರು. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದರು. ಮಗ ಓಡಿಬಂದು ಕೆಂಡವನ್ನು ತಟ್ಟಿ ಬೀಳಿಸಿ ಚೊಂಬಿನ ನೀರು ಸುರಿದ.

“ಉರಿ ಗೊತ್ತಾಗ್ಲಿಲ್ವಾ ಅಬ್ಬಾ?”

“ಇಲ್ಲ,” ಎಂದರು ಅವರು. ಆಮೇಲೆ ಇನ್ನೂ ಮೆಲ್ಲಗೆ, “ಏನೂ ಗೊತ್ತಾಗ್ಲಿಲ್ಲ ಕಣೋ.”

ಅಂದಿನ ಬಿರಿಯಾನಿಯೂ ಎಂದಿನಂತೆಯೇ ಆಯಿತು. ಆದರೆ ಹುಣಸೂರಿನವರೆಗೆ ಗಾಡಿಯಲ್ಲಿ ಅವರು ಕಾಲಿನ ಬೆರಳುಗಳನ್ನು ಒಂದೊಂದಾಗಿ ಚಿವುಟಿ ನೋಡುತ್ತಿದ್ದರು.

ಮನೆಯಲ್ಲಿ ಶಹನಾಜ್ ಗಾಯ ತೊಳೆದು ಪಟ್ಟಿ ಕಟ್ಟಿದಳು. ಆಮೇಲೆ, “ಕಣ್ಣು ಮುಚ್ಚಿ ಅಬ್ಬಾ. ಎಲ್ಲಿ ಮುಟ್ಟಿದೆ ಹೇಳಿ,” ಎಂದು ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಮುಟ್ಟಿದಳು. ಅವರು ಕಿರುಬೆರಳು ಎಂದಾಗ ಅವಳು ಹೆಬ್ಬೆರಳು ಮುಟ್ಟಿದ್ದಳು. ಮುಟ್ಟಿಲ್ಲ ಎಂದಾಗ ಅಂಗಾಲು ಮುಟ್ಟಿದ್ದಳು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಫಹ್ಮೀದಾ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಫಕ್ರುದ್ದೀನರು ಕಣ್ಣು ತೆರೆದು ತಾವೇ ಬೆರಳು ಚಾಚಿದರು. “ತಗೊ. ಚುಚ್ಚು.”

ಇನ್ನೂರ ಎಂಬತ್ತಾರು.

ಮಾರನೆಯ ದಿನ ತಾಲೂಕು ಆಸ್ಪತ್ರೆ. ಡಾಕ್ಟರಮ್ಮ ತಂದೆ ಮಗ ಇಬ್ಬರಿಗೂ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ ಮಾಡಿಸಿದರು. ಐದು ಪಾಯಿಂಟ್ ಏಳಕ್ಕಿಂತ ಕೆಳಗಿರಬೇಕಾದದ್ದು ಫಕ್ರುದ್ದೀನರಿಗೆ ಒಂಬತ್ತು ಪಾಯಿಂಟ್ ಎಂಟು ಇತ್ತು. ಮುಜಫರ್‌ನದ್ದು ಆರು ಪಾಯಿಂಟ್ ಒಂದು. “ನಿಮಗೆ ಮಾತ್ರೆ ಬೇಕೇ ಬೇಕು. ಕಣ್ಣು ತೋರಿಸಿ. ಶುಗರ್‌ನಿಂದ ಕಾಲಿನ ಸ್ಪರ್ಶ ಹೋಗಿದೆ, ಇನ್ನು ಮೇಲೆ ಮನೆಯೊಳಗೂ ಚಪ್ಪಲಿ. ನಿಮ್ಮ ಮಗನಿಗೆ ಮಾತ್ರೆ ಬೇಡ, ಊಟ ಸರಿ ಮಾಡಿ ನಡೆದರೆ ಹಿಂದಕ್ಕೆ ಹೋಗಬಹುದು,” ಎಂದರು ಡಾಕ್ಟರಮ್ಮ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಫಕ್ರುದ್ದೀನರು ಮಗನ ಮೊಣಕಾಲ ಮೇಲೆ ಕೈಯಿಟ್ಟರು. “ನನ್ನದು ಬಿಡು. ಇಪ್ಪತ್ತೊಂಬತ್ತು ವರ್ಷಕ್ಕೇ ನಿನಗೆ ಇದು ಬರೋದಾದ್ರೆ, ಅದು ನಾನು ತಂದ ಡಬರಿಯಿಂದ. ಇವತ್ತಿಂದ ಆ ಡಬರಿ ಮನೆಗೆ ಬರಲ್ಲ. ಅಲ್ಲೇ ಹಂಚಿ ಬರೋಣ.”

ಡಬರಿ ನಿಂತದ್ದು ಸುಲಭವಾಯಿತು. ಅದರ ಜಾಗಕ್ಕೆ ಏನು ಎಂಬುದರ ಮೇಲೆ ಜಗಳ ಶುರುವಾಯಿತು.

ಶಹನಾಜ್ ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಎಣ್ಣೆ ಇಷ್ಟು, ಅನ್ನ ಇಷ್ಟು, ತರಕಾರಿ ಅರ್ಧ ತಟ್ಟೆ, ಚಹಾಕ್ಕೆ ಸಕ್ಕರೆ ಇಲ್ಲ. ಫಹ್ಮೀದಾ ಅದನ್ನು ಎರಡು ಸಲ ಓದಿದರು.

“ಅಂದ್ರೆ ಮೂವತ್ತೊಂದು ವರ್ಷದಿಂದ ನಾನು ಇವರಿಗೆ ವಿಷ ಹಾಕಿದ್ದೀನಿ ಅಂತಾನಾ?”

“ಅಮ್ಮಿ, ಹಾಗೆಲ್ಲಿ ಬರೆದಿದ್ದೀನಿ?”

“ಬರೀಬೇಕಾ? ಎಣ್ಣೆ ಹಾಕಿದವಳು ನಾನು, ತುಪ್ಪ ಹಾಕಿದವಳು ನಾನು. ನನ್ನ ಅತ್ತೆ ಹೇಳಿಕೊಟ್ಟ ಹಾಗೆ ಮಾಡ್ದೆ. ಈಗ ನೀನು ಹೇಳಿಕೊಡು. ತಗೊ, ಸೌಟು.” ಸೌಟನ್ನು ಕಟ್ಟೆಯ ಮೇಲಿಟ್ಟು ಫಹ್ಮೀದಾ ಹಜಾರಕ್ಕೆ ಹೋಗಿ ಕೂತರು.

ನಾಲ್ಕು ದಿನ ಅವರು ಅಡುಗೆಮನೆಗೆ ಕಾಲಿಡಲಿಲ್ಲ. ಶಹನಾಜ್ ಬಸ್ಸಿಗೆ ಹೊರಡುವ ಮೊದಲು ಗೋಧಿನುಚ್ಚು ಬೇಯಿಸಿ, ಎಲೆಕೋಸು ಬೇಯಿಸಿ, ಮುಚ್ಚಿಟ್ಟು ಹೋಗುತ್ತಿದ್ದಳು. ರಾತ್ರಿ ಊಟಕ್ಕೆ ಕೂತ ಗಂಡ ಮೊದಲ ತುತ್ತಿಗೇ ತಟ್ಟೆ ದೂಡಿದ.

“ಇದು ಊಟಾನಾ, ಪೊಲೀಸ್ ಸ್ಟೇಷನ್ನಿನ ಶಿಕ್ಷೇನಾ?”

“ಹಾಗಾದ್ರೆ ನೀವೇ ಮಾಡಿ. ಅಡುಗೆಯವರು ತಾನೆ?” ಎಂದಳು ಅವಳು.

ಫಕ್ರುದ್ದೀನರು ಮಾತ್ರ ತಲೆ ತಗ್ಗಿಸಿ ಎಲ್ಲವನ್ನೂ ತಿನ್ನುತ್ತಿದ್ದರು. ಅದನ್ನು ನೋಡಿ ಫಹ್ಮೀದಾರಿಗೆ ಸಂಕಟವಾಗುತ್ತಿತ್ತು, ಆದರೂ ಎದ್ದು ಬರುತ್ತಿರಲಿಲ್ಲ.

ಐದನೆಯ ದಿನ ಫಕ್ರುದ್ದೀನರೇ ಮನೆಯ ಅಡುಗೆಮನೆಗೆ ಹೊಕ್ಕರು. ಮದುವೆಯಾದಾಗಿನಿಂದ ಆ ಒಲೆಯ ಮೇಲೆ ಅವರು ಒಂದು ಲೋಟ ನೀರನ್ನೂ ಕಾಯಿಸಿದವರಲ್ಲ. ಸೊಪ್ಪಿನ ಸಾರು ಮಾಡುತ್ತೇನೆಂದು ಹೊರಟರು. ಅರ್ಧ ಗಂಟೆಯಲ್ಲಿ ಒಂದು ಪಾತ್ರೆ ತುಂಬಿ, ಇನ್ನೊಂದಕ್ಕೆ ಸುರಿದು, ಮೂರನೆಯದನ್ನು ಹುಡುಕುತ್ತಿದ್ದರು.

“ಏನ್ರೀ, ಯಾರ ನಿಕಾಹ್?” ಎಂದರು ಫಹ್ಮೀದಾ ಬಾಗಿಲಲ್ಲಿ ನಿಂತು.

“ನಾಲ್ಕು ಜನಕ್ಕೆ ಉಪ್ಪು ಎಷ್ಟು ಹಾಕ್ಬೇಕೇ?” ಫಕ್ರುದ್ದೀನರು ನಿಜಕ್ಕೂ ಕಂಗಾಲಾಗಿದ್ದರು. “ನಾಲ್ಕು ನೂರಕ್ಕೆ ಹೇಳು, ಕಣ್ಣು ಮುಚ್ಚಿ ಹಾಕ್ತೀನಿ. ನಾಲ್ಕಕ್ಕೆ ಕೈಗೇ ಗೊತ್ತಾಗ್ತಿಲ್ಲ.”

ಫಹ್ಮೀದಾ ನಗು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಕ್ಕು ನಕ್ಕು ಕಟ್ಟೆ ಹಿಡಿದು ನಿಂತರು. “ಆಚೆ ಸರೀರಿ. ಸೊಪ್ಪು ಹೀಗಾ ಬೇಯಿಸೋದು? ಬಣ್ಣವೇ ಹೋಗಿದೆ.”

ಫಹ್ಮೀದಾರ ತವರು ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿ. ಅವರ ತಂದೆಗೆ ಅಲ್ಲಿ ಸಣ್ಣ ಬಟ್ಟೆ ಅಂಗಡಿಯಿತ್ತು. ಪಕ್ಕದ ಮನೆಯ ಸಿದ್ದಲಿಂಗಮ್ಮನ ಅಡುಗೆಮನೆಯಲ್ಲಿ ಅರ್ಧ ಬಾಲ್ಯ ಕಳೆದಿತ್ತು. ಮುದ್ದೆ ತೊಳಸುವುದು, ಬಸ್ಸಾರು, ಹುರುಳಿ, ಅವರೆ ಎಲ್ಲ ಅಲ್ಲಿ ಕಲಿತದ್ದು. ಮದುವೆಯಾಗಿ ಹುಣಸೂರಿಗೆ ಬಂದ ಹೊಸದರಲ್ಲಿ ಒಮ್ಮೆ ಮುದ್ದೆ ಮಾಡಿದ್ದರು. “ಬಿರಿಯಾನಿ ಮಾಡೋ ಬಾವರ್ಚಿಯ ಮನೇಲಿ ರಾಗಿಯಾ?” ಎಂದು ಅತ್ತೆ ನಕ್ಕಿದ್ದರು. ಮತ್ತೆ ಅದನ್ನು ಮಾಡಿರಲಿಲ್ಲ.

ಅಂದು ಮಧ್ಯಾಹ್ನ ಮುಜಫರ್‌ನನ್ನು ಅಂಗಡಿಗೆ ಓಡಿಸಿ ರಾಗಿಹಿಟ್ಟು ತರಿಸಿದರು. ಮೊಳಕೆ ಹುರುಳಿ, ದಂಟಿನ ಸೊಪ್ಪು ಬೇಯಿಸಿ ನೀರು ಬಸಿದರು. ಬಸಿದ ನೀರಿಗೆ ಹುಣಸೆಹಣ್ಣು, ಹುರಿದ ಬೆಳ್ಳುಳ್ಳಿ, ಜೀರಿಗೆ, ಮೆಣಸು ಅರೆದು ಹಾಕಿ ಸಾರು ಮಾಡಿದರು. ಕಾಳು, ಸೊಪ್ಪಿಗೆ ಒಂದೇ ಚಮಚ ಎಣ್ಣೆಯ ಒಗ್ಗರಣೆ. ಶಹನಾಜ್ ಸಂಜೆ ಬಂದಾಗ ಮನೆಯೆಲ್ಲ ಬೆಳ್ಳುಳ್ಳಿಯ ಘಮ.

ಫಕ್ರುದ್ದೀನರು ಮೊದಲ ತುತ್ತು ಸಾರಿನಲ್ಲಿ ಅದ್ದಿ ನುಂಗಿ, ಎರಡನೆಯ ತುತ್ತು ಮುರಿಯುತ್ತ ಹೆಂಡತಿಯ ಮುಖ ನೋಡಿದರು.

“ಇದನ್ನ ಮೂವತ್ತೊಂದು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?”

“ನೀವು ಯಾವಾಗ ಕೇಳಿದ್ರಿ?” ಎಂದರು ಫಹ್ಮೀದಾ.

ಮುಜಫರ್ ಎರಡನೆಯ ಮುದ್ದೆಗೆ ಕೈ ಚಾಚಿದ. ಶಹನಾಜ್ ತಟ್ಟೆ ಸರಿಸಿದಳು. “ಮುದ್ದೆ ಔಷಧಿ ಅಲ್ಲ ರೀ. ಎರಡು ಮೂರು ತಿಂದ್ರೆ ಅನ್ನಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು, ಚಿಕ್ಕದು. ಕಾಳು, ಸೊಪ್ಪು ಎಷ್ಟಾದ್ರೂ ಹಾಕ್ಕೊಳ್ಳಿ.” ಆಮೇಲೆ ಅತ್ತೆಯ ಕಡೆ ತಿರುಗಿ, “ಅಮ್ಮಿ, ನನಗೂ ಹೇಳಿಕೊಡಿ. ನನಗೆ ಬರೀ ಲೆಕ್ಕ ಬರುತ್ತೆ, ರುಚಿ ಬರಲ್ಲ,” ಎಂದಳು.

ಆ ರಾತ್ರಿ ಫ್ರಿಜ್ಜಿನ ಮೇಲಿದ್ದ ಹಾಳೆಯ ಕೆಳಗೆ ಫಹ್ಮೀದಾ ಉರ್ದುವಿನಲ್ಲಿ ತಮ್ಮದೂ ನಾಲ್ಕು ಸಾಲು ಬರೆದರು. ಸೋಮವಾರ ಹುರುಳಿ, ಮಂಗಳವಾರ ಮೀನು, ಬುಧವಾರ ಸೊಪ್ಪು. ಶುಕ್ರವಾರ ಮಾತ್ರ, ಅಂಗೈಯಷ್ಟು, ಬಿರಿಯಾನಿ.

ಕಾಲಿನ ಗಾಯ ಮಾಯಲು ತಿಂಗಳೇ ಹಿಡಿಯಿತು. ನವೆಂಬರ್ ಹೊತ್ತಿಗೆ ಡಾಕ್ಟರಮ್ಮ ನಡೆಯಲು ಒಪ್ಪಿಗೆ ಕೊಟ್ಟರು. ಬೆಳಗಿನ ನಮಾಜ್ ಮುಗಿಸಿ ತಂದೆ ಮಗ ಲಕ್ಷ್ಮಣತೀರ್ಥದ ಸೇತುವೆಯವರೆಗೆ ಹೊರಟರು. ಫಕ್ರುದ್ದೀನರು ಹುಟ್ಟಿದ ಮೇಲೆ ಮೊದಲ ಸಲ ಕಾಲುಚೀಲ ಹಾಕಿ ಬೂಟು ಕಟ್ಟಿದ್ದರು. ಸೊಸೆ ದಿನಾ ಬೂಟಿನೊಳಗೆ ಕೈ ಹಾಕಿ ಕಲ್ಲು, ಮುಳ್ಳು ಇದೆಯೇ ಎಂದು ನೋಡಿಯೇ ಕೊಡುತ್ತಿದ್ದಳು.

ಮೂರನೆಯ ದಿನ ಸೇತುವೆಯ ಮೇಲೆ ಒಂದು ಗೂಡ್ಸ್ ಆಟೋ ನಿಂತಿತು. ಕಟ್ಟೆಮಳಲವಾಡಿಯ ಕಂಠಪ್ಪ ಸೊಪ್ಪು ತರಕಾರಿ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ. ಫಕ್ರುದ್ದೀನರ ಮದುವೆಗಳಿಗೆಲ್ಲ ಪುದೀನ, ಕೊತ್ತಂಬರಿ ಅವನದ್ದೇ.

“ಏನ್ ಸಾಬ್ರೆ, ಇಂಗ್ ಓಡ್ತಾ ಇದ್ದೀರಲ್ಲ! ಯಾರಾರ ಅಟ್ಟುಸ್ಕಂಡ್ ಬತ್ತಾವ್ರಾ?”

“ಶುಗರ್ ಅಟ್ಟಿಸ್ಕೊಂಡು ಬರ್ತಿದೆ ಕಂಠಪ್ಪ.”

ಕಂಠಪ್ಪ ನಗಲಿಲ್ಲ. ಆಟೋದಿಂದ ಇಳಿದ. “ನಂಗೂ ಐತೆ ಅಂತ ನಿಮ್ ಸೊಸೆನೇ ಏಳಿದ್ದು ಕಣ್ರೀ. ಮಾತ್ರೆ ಕೊಟ್ಟವ್ಳೆ. ಮನೇಲಿ ಎಂಗೋ ನಡೀತದೆ. ಆದ್ರೆ ಮದ್ವೆ ಮನೆಗೆ ಓದ್ರೆ ನಮ್ಮಂತೋರ್ಗೆ ಏನೈತೆ ಏಳಿ? ಒಂದೋ ಅಸ್ಕಂಡ್ ಬರ್ಬೇಕು, ಇಲ್ಲ ತಿಂದ್ಬುಟ್ಟು ಎಲ್ಡ್ ದಿನ ಮಲೀಕಬೇಕು. ಅದ್ಕೇ ನಾನು ಓಗೋದೇ ಬುಟ್ಬುಟ್ಟೆ.”

ಆಟೋ ಹೋದ ಮೇಲೂ ಫಕ್ರುದ್ದೀನರು ಕಂಠಪ್ಪನ ಮಾತನ್ನೇ ಯೋಚಿಸುತ್ತ ನಡೆದರು. ಮೂವತ್ತು ವರ್ಷ ಪಂಕ್ತಿಗಳನ್ನು ನೋಡಿದ್ದರು, ಬಂದವರನ್ನು. ಬಾರದೆ ಉಳಿದವರನ್ನು ಎಂದೂ ಎಣಿಸಿರಲಿಲ್ಲ.

ಡಿಸೆಂಬರಿನಲ್ಲಿ ಫಹ್ಮೀದಾ ಕೂಡ ಹೊರಟರು. ಬುರ್ಖಾದ ಕೆಳಗೆ ಸೊಸೆಯ ಹಳೆಯ ಬಿಳಿ ಬೂಟು. ಬೀದಿಯ ಕೊನೆಯ ಮನೆಯ ಹೆಂಗಸು ಕಿಟಕಿಯಿಂದ, “ಈ ವಯಸ್ಸಿನಲ್ಲಿ ಇದೇನು ಫಹ್ಮೀದಾ ಆಪಾ, ನಿಮಗೆ ಶುಗರ್ ಇಲ್ಲವಲ್ಲ?” ಎಂದಳು.

“ಬರದೇ ಇರಲಿ ಅಂತಾನೇ ನಡೀತಿರೋದು. ಬಾ, ನೀನೂ,” ಎಂದು ಫಹ್ಮೀದಾ ನಿಲ್ಲದೆ ಹೇಳಿದರು. ಒಂದೇ ವಾರದಲ್ಲಿ ಸೇತುವೆಯ ಮೇಲೆ ಗಂಡನನ್ನು ಹಿಂದೆ ಹಾಕತೊಡಗಿದರು. ಫಕ್ರುದ್ದೀನರು ಏದುಸಿರು ಬಿಡುತ್ತ ಕೂಗಿದರೆ, “ಎಂಟು ನೂರು ಜನಕ್ಕೆ ಸೌಟು ಹಾಕೋರಿಗೆ ಇಷ್ಟು ನಡೆಯೋಕಾಗಲ್ವಾ?” ಎನ್ನುತ್ತಿದ್ದರು.

ಕೆಲಸದ ದಿನಗಳೇ ಕಷ್ಟ. ಬಿರಿಯಾನಿಯ ಮುಂದೆ ಐದು ಗಂಟೆ ನಿಂತು ತಿನ್ನದಿರುವುದು ಹೇಗೆ? ಶಹನಾಜ್ ಹೇಳಿದ್ದು ಒಂದೇ ಮಾತು: “ರುಚಿ ನೋಡಿ ಅಬ್ಬಾ, ಊಟ ಮಾಡ್ಬೇಡಿ.” ಮೊದಲು ಅವರು ರುಚಿಯ ನೆಪದಲ್ಲಿ ಮೂರು ಬಟ್ಟಲು ಖಾಲಿ ಮಾಡುತ್ತಿದ್ದರು. ಈಗ ಮುಜಫರ್ ಒಂದು ಚಮಚ ಹಿಡಿದು ನಿಲ್ಲುತ್ತಿದ್ದ. ಅರ್ಧ ತಂದೆಗೆ, ಅರ್ಧ ತನಗೆ. ಒಂದು ಸಲ ಎಡವಿದರು ಕೂಡ. ಕೆ.ಆರ್. ನಗರದ ಮದುವೆಯಲ್ಲಿ ಜರ್ದಾ ಅಷ್ಟು ಚೆನ್ನಾಗಿ ಬಂದಿತ್ತೆಂದು ಒಂದು ತಟ್ಟೆ ತಿಂದು, ಮಾರನೆಯ ದಿನ ಮಿಷನ್ನಿನಲ್ಲಿ ಇನ್ನೂರ ಮೂವತ್ತು ಬಂದಾಗ ಮಗುವಿನ ಹಾಗೆ ಮುಖ ತಿರುಗಿಸಿ ಕೂತರು.

“ಬೈಯಲ್ವಾ?” ಎಂದರು ಸೊಸೆಗೆ.

“ನಿಮಗೇ ಗೊತ್ತಾಯ್ತಲ್ಲ ಅಬ್ಬಾ. ಇವತ್ತು ಸಂಜೆಯೂ ಒಂದು ಸುತ್ತು ಹೋಗಿಬನ್ನಿ,” ಎಂದಳು ಅವಳು.

ಜನವರಿ ಎರಡನೆಯ ವಾರ ಮತ್ತೆ ರಕ್ತಪರೀಕ್ಷೆ. ಶಹನಾಜ್ ಕಾಗದ ತಂದು ಚಾಪೆಯ ಮೇಲಿಟ್ಟಳು. ಫಕ್ರುದ್ದೀನರದ್ದು ಒಂಬತ್ತು ಪಾಯಿಂಟ್ ಎಂಟರಿಂದ ಏಳು ಪಾಯಿಂಟ್ ಎರಡಕ್ಕೆ ಇಳಿದಿತ್ತು. ತೂಕ ಎಂಟು ಕಿಲೋ ಕಡಿಮೆ. ಮುಜಫರ್‌ನದ್ದು ಐದು ಪಾಯಿಂಟ್ ಆರು.

“ಹೊಸ್ತಿಲಿಂದ ವಾಪಸ್ ಹೋಯ್ತಾ?” ಎಂದ ಮುಜಫರ್.

“ಬೀದಿ ದಾಟಿ ಹೋಯ್ತು. ಮತ್ತೆ ಕರೀಬೇಡಿ,” ಎಂದಳು ಶಹನಾಜ್. ಅವಳ ಕಣ್ಣು ಒದ್ದೆಯಾಗಿತ್ತು. ಫಹ್ಮೀದಾ ಅವಳ ತಲೆಯ ಮೇಲೆ ಕೈಯಿಟ್ಟು, ತಮ್ಮ ತಟ್ಟೆಯಿಂದ ಒಂದು ತುತ್ತು ಮುರಿದು ಸೊಸೆಯ ಬಾಯಿಗಿಟ್ಟರು. ಫಕ್ರುದ್ದೀನರು ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದವರು ಮಟನ್ ಅಂಗಡಿಯವನಿಗೆ, ಮಸೀದಿಯ ಮೆಟ್ಟಿಲಲ್ಲಿ ಕೂತವರಿಗೆ, ಕಂಠಪ್ಪನಿಗೆ, ಎಲ್ಲರಿಗೂ ತೋರಿಸಿ ಸಂಜೆ ಬಂದರು.

ಆ ತಿಂಗಳ ಕೊನೆಗೆ ಮರದ ಮಿಲ್ಲಿನ ನೂಮಾನ್ ಸಾಬರ ಮಗಳ ಮದುವೆ. ಗಂಡಿನವರು ಕೆ.ಆರ್. ನಗರದ ದೊಡ್ಡ ಬಟ್ಟೆ ವ್ಯಾಪಾರಿಗಳು. ಫಕ್ರುದ್ದೀನರ ತಾರೀಕನ್ನು ಮೊದಲೇ ಹಿಡಿದಿಟ್ಟಿದ್ದ ನೂಮಾನ್ ಸಾಬರು ಏನೇನು ಅಡುಗೆ ಎಂದು ಮಾತಾಡಲು ಮನೆಗೇ ಬಂದರು. ಬಿರಿಯಾನಿ, ದಾಲ್ಚಾ, ಕಬಾಬ್, ಜರ್ದಾ ಎಲ್ಲ ಬರೆದುಕೊಂಡ ಮೇಲೆ ಫಕ್ರುದ್ದೀನರು ಪೆನ್ನು ಕೆಳಗಿಟ್ಟರು.

“ಇನ್ನೊಂದು ಇದೆ ನೂಮಾನ್ ಸಾಬ್. ಪಂಕ್ತಿಯ ಒಂದು ಕಡೆ ನೂರು ಜನಕ್ಕೆ ಸಣ್ಣ ಮುದ್ದೆ, ಹಿದುಕಿದ ಅವರೆಬೇಳೆ ಹಾಕಿದ ನಾಟಿಕೋಳಿ ಸಾರು, ಸೊಪ್ಪಿನ ಪಲ್ಯ, ಸೌತೆಕಾಯಿ. ಶುಗರ್, ಬಿ.ಪಿ. ಇರೋರಿಗೆ.”

ನೂಮಾನ್ ಸಾಬರ ಮುಖ ಕೆಂಪಾಯಿತು. “ಮಗಳ ಮದುವೇಲಿ ಮುದ್ದೆ ಹಾಕೋದಾ? ಗಂಡಿನ ಕಡೆಯವರು ಏನಂತಾರೆ? ಹೆಣ್ಣಿನಪ್ಪನ ಕೈಲಾಗಲಿಲ್ಲ ಅಂತಾರೆ. ನನ್ನ ಮಾನ ಹರಾಜು ಹಾಕ್ತೀರಾ?”

“ಬಿರಿಯಾನಿ ಕಡಿಮೆ ಮಾಡಲ್ಲ. ಇದು ಜಾಸ್ತಿ.”

“ಬೇಡ ಅಂದ್ರೆ ಬೇಡ.”

“ಹಾಗಾದ್ರೆ ಅಡುಗೆ ಬೇರೆಯವರಿಗೆ ಹೇಳಿ,” ಎಂದರು ಫಕ್ರುದ್ದೀನರು.

ಮುಜಫರ್ ಬೆಚ್ಚಿ ತಂದೆಯನ್ನು ನೋಡಿದ. ಆ ವರ್ಷದ ದೊಡ್ಡ ಮದುವೆ ಅದು. ಫಕ್ರುದ್ದೀನರ ಧ್ವನಿಯಲ್ಲಿ ಕೋಪವಿರಲಿಲ್ಲ. “ಮೂವತ್ತು ವರ್ಷ ಬಂದವರಿಗೆಲ್ಲ ಹೊಟ್ಟೆ ತುಂಬಿಸಿದೆ ಅಂದ್ಕೊಂಡಿದ್ದೆ. ಅರ್ಧ ಜನ ನನ್ನ ಪಂಕ್ತಿಯಿಂದ ಹಸಿದು ಹೋಗ್ತಿದ್ರು. ಇನ್ನು ಮೇಲೆ ಹಾಗೆ ಅಡುಗೆ ಮಾಡೋಕೆ ನನಗೆ ಆಗಲ್ಲ. ಯಾರಾದ್ರೂ ಆಡಿಕೊಂಡ್ರೆ ಅವರ ಮುಂದೆ ನಾನೇ ನಿಲ್ತೀನಿ.”

ನೂಮಾನ್ ಸಾಬರು ಎದ್ದು ಬಾಗಿಲವರೆಗೆ ಹೋಗಿ ನಿಂತರು. ಇನ್ನು ಹತ್ತು ದಿನ ಉಳಿದಿತ್ತು, ಇಂಥ ಬಿರಿಯಾನಿ ಮಾಡುವವರು ಬೇರೆ ಇರಲಿಲ್ಲ. “ನಿಮ್ಮ ಮಾತಿನ ಮೇಲೆ ಬಿಡ್ತೀನಿ ಫಕ್ರುದ್ದೀನ್ ಭಾಯ್. ಹೆಚ್ಚುಕಮ್ಮಿ ಆದ್ರೆ ಹೊಣೆ ನಿಮ್ದು,” ಎಂದು ಚಪ್ಪಲಿ ಮೆಟ್ಟಿದರು.

ಅವರು ಹೋದ ಮೇಲೆ ಫಕ್ರುದ್ದೀನರು ಹೆಂಡತಿಯ ಕಡೆ ತಿರುಗಿದರು. “ಆ ಸಾರು ನನ್ನ ಕೈಯಲ್ಲಿ ಬರಲ್ಲ. ನೀನೇ ಬರ್ಬೇಕು.”

“ನಾನಾ? ಶಾದಿ ಮಹಲಿಗಾ?”

“ನೂರು ಜನಕ್ಕೆ ಉಪ್ಪು ನಾನು ಹೇಳ್ತೀನಿ. ಉಳಿದದ್ದೆಲ್ಲ ನಿನ್ನದು.”

ಮದುವೆಯ ದಿನ ಬೆಳಿಗ್ಗೆ ಕಂಠಪ್ಪ ಎರಡು ಮೂಟೆ ಸೊನೆ ಅವರೆಕಾಯಿ ತಂದು ಇಳಿಸಿದ. ಬೇಳೆ ಹಿದುಕಲು ಬೀದಿಯ ಏಳು ಹೆಂಗಸರು ಬಂದರು, ಕಿಟಕಿಯ ಹೆಂಗಸೂ ಬಂದಳು. ಫಹ್ಮೀದಾ ಮೊದಲ ಬಾರಿಗೆ ಗಂಡನ ದೊಡ್ಡ ಒಲೆಯ ಮುಂದೆ ನಿಂತರು. ತೆಂಗಿನಕಾಯಿ ಎಷ್ಟು, ಚಕ್ಕೆ ಎಷ್ಟು, ಸೊಪ್ಪು ಯಾವಾಗ ಎಂದು ಅವರು ಹೇಳಿದ ಹಾಗೆ ಮುಜಫರ್ ಮಾಡಿದ. ಫಕ್ರುದ್ದೀನರು ಬಂದು ಉಪ್ಪು ಹಾಕಿ, ಅರ್ಧ ಚಮಚ ನೋಡಿ, ತಲೆಯಾಡಿಸಿ ತಮ್ಮ ಬಿರಿಯಾನಿಯ ಕಡೆ ಹೋದರು.

ಮೊದಲ ಪಂಕ್ತಿಯಲ್ಲಿ ಮುದ್ದೆಯ ಮೇಜಿನ ಹತ್ತಿರ ನಾಲ್ಕೇ ಜನ. ಅದರಲ್ಲಿ ಒಬ್ಬ ಕಂಠಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಎರಡನೆಯ ಪಂಕ್ತಿಗೆ ಸಾರಿನ ಘಮ ಹರಡಿತ್ತು. ಶುಗರ್ ಇದ್ದವರು ಬಂದರು, ಇಲ್ಲದವರೂ ಬಂದರು. ಯಾರೋ ಹುಡುಗರು ಬಿರಿಯಾನಿ ತಿಂದು ಮತ್ತೆ ಬಂದು ನಿಂತಾಗ ಶಹನಾಜ್, “ಮೊದಲು ದೊಡ್ಡವರು,” ಎಂದು ಓಡಿಸಿದಳು.

ಅಷ್ಟರಲ್ಲಿ ನೂಮಾನ್ ಸಾಬರು ಒಲೆಗಳ ಬಳಿಗೆ ಓಡುತ್ತ ಬಂದರು. ಹಣೆಯಲ್ಲಿ ಬೆವರು. “ಫಕ್ರುದ್ದೀನ್ ಭಾಯ್, ನಾನು ಹೇಳಿರ್ಲಿಲ್ವಾ? ಗಂಡಿನ ದಾದಿ, ಅಪ್ಪನ ತಾಯಿ, ಅಡುಗೆಯವರನ್ನ ಕರೀರಿ ಅಂತ ಕೂತಿದ್ದಾರೆ. ಆ ಮನೇಲಿ ಅವರ ಮಾತೇ ಮಾತು. ಬನ್ನಿ, ನೀವೇ ಉತ್ತರ ಕೊಡಿ.”

ಫಕ್ರುದ್ದೀನರು ಕೈ ಒರೆಸಿಕೊಂಡು ಹೆಂಗಸರ ಪಂಕ್ತಿಯ ಪರದೆಯವರೆಗೆ ಹೋಗಿ ನಿಂತರು. ಪರದೆಯ ಆಚೆ ಫಹ್ಮೀದಾ, ಶಹನಾಜ್ ಸೌಟು ಹಿಡಿದು ನಿಂತಿದ್ದರು. ಎಂಬತ್ತರ ಹತ್ತಿರದ, ಒಣಕಲು ಮೈಯ ದಾದಿ ಕುರ್ಚಿಯಲ್ಲಿ ಕೂತಿದ್ದರು. ತಟ್ಟೆ ಪೂರ್ತಿ ಖಾಲಿಯಾಗಿತ್ತು. ಪಕ್ಕದಲ್ಲಿ ಮನೆಯಿಂದ ತಂದ ಸ್ಟೀಲಿನ ಡಬ್ಬಿ, ಮುಚ್ಚಳ ತೆಗೆಯದೆ ಹಾಗೇ ಇತ್ತು.

“ಈ ಸಾರು ಯಾರ ಕೈಯದು?” ಎಂದರು ದಾದಿ.

ಫಕ್ರುದ್ದೀನರು ಪರದೆಯ ಈಚೆಯಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ನಮ್ಮ ಮನೆಯವರದು, ಫಹ್ಮೀದಾ ಅವರದು. ಊಟದ ಲೆಕ್ಕ ನಮ್ಮ ಸೊಸೆ ಶಹನಾಜ್ ಅವರದು. ನಾನು ಉಪ್ಪು ಹಾಕಿದ್ದೀನಿ, ಅಷ್ಟೆ.”

ದಾದಿ ಫಹ್ಮೀದಾರ ಕೈ ಹಿಡಿದು ಹತ್ತಿರ ಎಳೆದರು. “ಶುಗರ್ ಬಂದು ಆರು ವರ್ಷವಾಯ್ತಮ್ಮ. ಮೂವರು ಮೊಮ್ಮಕ್ಕಳ ಮದುವೇಲಿ ಒಂದು ಮೂಲೇಲಿ ಕೂತು ಈ ಡಬ್ಬಿಯ ಚಪಾತಿ ತಿಂದಿದ್ದೀನಿ. ಇವತ್ತು ಎಲ್ಲರ ಜೊತೆ ಪಂಕ್ತೀಲಿ ಕೂತೆ. ಮದುವೆ ಊಟ ಮಾಡ್ದೆ.”

ನೂಮಾನ್ ಸಾಬರು ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಪಕ್ಕದಲ್ಲಿ ನಿಂತ ಬೀಗರ ಕಡೆ ತಿರುಗಿ, ಎದೆ ಸೆಟೆಸಿ, “ದೊಡ್ಡವರಿಗೆ ಅಂತಾನೇ ಮಾಡಿಸಿದ್ದು,” ಎಂದರು.

ಪರದೆಯ ಆಚೆ ದಾದಿ ತಟ್ಟೆ ಮುಂದೆ ಚಾಚಿದರು. “ಇನ್ನೊಂದು ಮುದ್ದೆ ಹಾಕಮ್ಮ.”

ಶಹನಾಜ್ ಏನೋ ಹೇಳಲು ಹೊರಟಳು. ಅವಳಿಗಿಂತ ಮೊದಲೇ ಫಹ್ಮೀದಾ ತಟ್ಟೆ ಹಿಡಿದುಕೊಂಡು ನಕ್ಕರು. “ಮುದ್ದೆ ಒಂದೇ ದಾದಿ. ಸಾರು, ಕಾಳು, ಸೊಪ್ಪು ಎಷ್ಟು ಬೇಕಾದ್ರೂ ಕೇಳಿ, ನಾನು ಇಲ್ಲೇ ನಿಂತಿರ್ತೀನಿ.”

ಹಾಗೆಂದು ಸೌಟು ತುಂಬ ಸಾರು ಎತ್ತಿ ಬಡಿಸಿದರು.